ಬಿದಿರಿಗೆ ಹೊಟ್ಟೆ ಬರುವುದು ಹೇಗೆ

ಎಲ್ಲರಿಗೂ ನಮಸ್ಕಾರ.

ಈ ಮೇಜಿನ ಮೇಲೆ ಎರಡು ಬಿದಿರಿನ ತುಂಡುಗಳಿವೆ. ಒಂದು ಮಾರುದ್ದ, ನೆಟ್ಟಗೆ, ಯಾವ ಬೇಲಿಯಲ್ಲಾದರೂ ಕಾಣುವಂಥದ್ದು. ಇನ್ನೊಂದು ಬರೀ ಗೇಣುದ್ದ. ಪ್ರತಿ ಗಿಣ್ಣಿನ ಮೇಲೂ ಉಬ್ಬಿ, ಪುಟ್ಟ ತಂಬಿಗೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟ ಹಾಗಿದೆ. ಬೇರೆ ಬೇರೆ ಜಾತಿ ಅಂದುಕೊಂಡಿರಾ? ಎರಡಕ್ಕೂ ತಾಯಿ ಒಂದೇ. ಒಂದೇ ಬುಡವನ್ನು ಸೀಳಿ ಅರ್ಧ ನೆಲಕ್ಕೆ, ಅರ್ಧ ಕುಂಡಕ್ಕೆ ಹಾಕಿದ್ದೆ, ಅಷ್ಟೇ.

ಇದು ಬುದ್ಧನ ಹೊಟ್ಟೆ ಬಿದಿರು. ಇಲ್ಲಿ ಬುದ್ಧ ಅಂದರೆ ತಪಸ್ಸಿಗೆ ಕೂತವನಲ್ಲ, ಚೀನಾದ ಡೊಳ್ಳು ಹೊಟ್ಟೆಯ ನಗುವ ಬುದ್ಧ. ಗಿಡದ ತವರೂ ದಕ್ಷಿಣ ಚೀನಾವೇ. ಅಲ್ಲಿ ಬಹುಕಾಲ ಬಿದಿರಿನ ಹಿಂದೆ ಬಿದ್ದಿದ್ದ ಅಮೆರಿಕದ ಸಸ್ಯವಿಜ್ಞಾನಿ ಮೆಕ್ಲೂರ್ 1938ರಲ್ಲಿ ಇದಕ್ಕೆ ಬ್ಯಾಂಬೂಸಾ ವೆಂಟ್ರಿಕೋಸಾ ಎಂದು ಹೆಸರಿಟ್ಟರು. ಇದು ಪ್ರತ್ಯೇಕ ಜಾತಿಯಲ್ಲ, ಇನ್ನೊಂದು ಬಿದಿರಿನ ರೂಪಭೇದ ಎನ್ನುವವರೂ ಇದ್ದಾರೆ. ಆ ಜಗಳ ಪಂಡಿತರಿಗಿರಲಿ.

ನಮಗೆ ಉಂಡುಂಡು ಹೊಟ್ಟೆ ಬರುತ್ತದೆ. ಇದಕ್ಕೆ ಉಪವಾಸ ಕೆಡವಿದರೆ ಬರುತ್ತದೆ! ಒಳ್ಳೆಯ ಮಣ್ಣು, ಬೇಕಾದಷ್ಟು ನೀರು ಸಿಕ್ಕರೆ 10 ಮೀಟರಿಗೂ ಮೀರಿ ಬೆಳೆಯುತ್ತದೆ. ಹೊಟ್ಟೆಯ ಸುಳಿವೇ ಇರುವುದಿಲ್ಲ, ಇದ್ದರೂ ಅಲ್ಲೊಂದು ಇಲ್ಲೊಂದು ಗಳಕ್ಕೆ. ಇಕ್ಕಟ್ಟಾದ ಕುಂಡ, ಸಾರವಿಲ್ಲದ ಮಣ್ಣು, ಅಳೆದು ಹಾಕಿದ ನೀರು ಆದಾಗ ಗಿಣ್ಣುಗಳ ನಡುವಿನ ಭಾಗ ಉದ್ದಕ್ಕೆ ಎಳೆದುಕೊಳ್ಳಲಾರದೆ ಬುಡದಲ್ಲಿ ಉಬ್ಬಿಕೊಳ್ಳುತ್ತದೆ.

ಇಲ್ಲಿ ಬಹಳ ಜನ ಎಡವುತ್ತಾರೆ, ನಾನೂ ಎಡವಿದ್ದೇನೆ. ನೆಟ್ಟಗೆ ಬೆಳೆದ ಗಳಕ್ಕೆ ನೀರು ನಿಲ್ಲಿಸಿ ವರ್ಷಗಟ್ಟಲೆ ಕಾದೆ. ಎಲೆ ಉದುರಿತೇ ಹೊರತು ಹೊಟ್ಟೆ ಬರಲಿಲ್ಲ. ಮರದ ಕಾಂಡದ ಹಾಗೆ ಬಿದಿರು ವರ್ಷ ವರ್ಷ ದಪ್ಪವಾಗುವುದಿಲ್ಲ. ಕಳಲೆ ಮೇಲೇಳುವ ಕೆಲವು ವಾರಗಳಲ್ಲೇ ಅದರ ಆಕಾರ ತೀರ್ಮಾನವಾಗಿಬಿಡುತ್ತದೆ. ಹಾಗಾಗಿ ಬಿಗಿ ಹಿಡಿಯಬೇಕಾದದ್ದು ಹೊಸ ಕಳಲೆ ಬರುವ ಹೊತ್ತಿನಲ್ಲಿ. ಬೋನ್ಸಾಯ್ ಮಾಡುವವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಎಳೆ ಕಳಲೆಯ ಸಿಪ್ಪೆಯನ್ನು ಬುಡದಿಂದ ಒಂದೊಂದಾಗಿ ಸುಲಿಯುತ್ತಾರೆ. ಸುಲಿದ ಕಡೆ ಗಿಣ್ಣಿನ ಅಂತರ ಗಿಡ್ಡವಾಗಿಯೇ ಉಳಿಯುತ್ತದೆ. ಉಗುರು ತಾಗಿದರೆ ಕಳಲೆ ಕೊಳೆಯುತ್ತದೆ, ಜೋಪಾನ.

ಇದು ಮೆಳೆ ಕಟ್ಟುವ ಬಿದಿರು. ಬೇರು ಓಡಿಸಿ ಪಕ್ಕದವರ ಅಂಗಳಕ್ಕೆ ನುಗ್ಗುವುದಿಲ್ಲ. ನೆಲದಲ್ಲಿ ಸಾಲಾಗಿ ನೆಟ್ಟರೆ ಗಾಳಿ ತಡೆಯುವ ದಟ್ಟ ಮರೆ. ಅಂದಹಾಗೆ, ಗಾಜಿನ ಬಟ್ಟಲಲ್ಲಿ ನೀರು ಹಾಕಿ ಇಡುವ ‘ಲಕ್ಕಿ ಬ್ಯಾಂಬೂ’ ಬಿದಿರೇ ಅಲ್ಲ, ಡ್ರಸೀನಾ. ಅದನ್ನು ಕೊಂಡು ಹೊಟ್ಟೆ ಬರಲಿ ಎಂದು ಕಾಯಬೇಡಿ.

ಕಡಿದ ಮೇಲೂ ಇದಕ್ಕೆ ಬೆಲೆಯಿದೆ: ಊರುಗೋಲು, ಕೊಡೆಯ ಹಿಡಿ, ಲೇಖನಿ ಇಡುವ ಬುರುಡೆ. ಉಬ್ಬಿದ ಭಾಗ ಅಂಗೈಗೆ ಎಷ್ಟು ಚೆನ್ನಾಗಿ ಕೂರುತ್ತದೆ ಅಂದರೆ ಹಿಡಿಗಾಗಿಯೇ ಹುಟ್ಟಿದೆಯೇನೋ ಅನಿಸುತ್ತದೆ. ಆದರೆ ಮೂರು ವರ್ಷ ತುಂಬದ ಗಳ ಕಡಿಯಬೇಡಿ. ಎಳೆಯದು ಒಣಗುವಾಗ ಸುಕ್ಕುಗಟ್ಟುತ್ತದೆ. ಬಿದಿರಿನೊಳಗಿನ ಪಿಷ್ಟಕ್ಕೆ ಕುಟ್ಟೆ ಹುಳು ಬೀಳುವುದುಂಟು, ಅದಕ್ಕೆ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ನೆನೆಹಾಕಬೇಕು. ನೆನೆಹಾಕುವ ಮೊದಲು ಒಂದು ಉದ್ದನೆಯ ಕಬ್ಬಿಣದ ಸಲಾಕೆಯಿಂದ ಒಳಗಿನ ಗಿಣ್ಣಿನ ತಡೆಗಳನ್ನು ತೂತು ಮಾಡಿಕೊಳ್ಳಿ. ದ್ರಾವಣ ಒಳಗೂ ಇಳಿಯುತ್ತದೆ, ಒಣಗುವಾಗ ತೇವ ಹೊರಬರಲು ದಾರಿಯೂ ಆಗುತ್ತದೆ. ಆಮೇಲೆ ನೆರಳಲ್ಲಿ, ನಿಧಾನವಾಗಿ ಒಣಗಿಸಿ. ಹಸಿರು ಹೋಗಿ ತಿಳಿ ಹಳದಿಗೆ ತಿರುಗುತ್ತದೆ.

ಬಿಸಿಲಲ್ಲಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಚೀಲದಲ್ಲಿ ಮೂರನೆಯ ತುಂಡೊಂದನ್ನು ತಂದಿದ್ದೇನೆ. ಹೊಟ್ಟೆಯ ನಡುವೆ ಮೇಲಿಂದ ಕೆಳಗೆ ಬಿರುಕು ಬಿಟ್ಟಿದೆ ನೋಡಿ. ಕೈಯಿಂದ ಕೈಗೆ ದಾಟಿಸಿ. ಅಂಚು ಚೂಪಾಗಿದೆ, ಬೆರಳು ಹುಷಾರು.