ಕಾಂಚನಜುಂಗಾ: ತುದಿ ತುಳಿಯದೆ ಗೆದ್ದ ಶಿಖರ

ಎಲ್ಲರಿಗೂ ನಮಸ್ಕಾರ.

ನಮ್ಮ ದೇಶದ ಅತಿ ಎತ್ತರದ ಶಿಖರ ಯಾವುದು ಅಂತ ಕೇಳಿದರೆ ಕೆಲವರು ಕೆ2 ಅನ್ನುತ್ತೀರಿ. ಶಾಲೆಯ ಪುಸ್ತಕದಲ್ಲಿ ಹಾಗೇ ಓದಿದ್ದೇವೆ, ಅಲ್ವಾ? ಆದರೆ ಕೆ2 ಇರುವ ಜಾಗ ಪಾಕಿಸ್ತಾನದ ಹಿಡಿತದಲ್ಲಿದೆ. ನಾವು ಹೋಗಿ ಕಣ್ಣಾರೆ ನೋಡಬಹುದಾದದ್ದು ಸಿಕ್ಕಿಂ-ನೇಪಾಳ ಗಡಿಯ ಕಾಂಚನಜುಂಗಾ. ಎತ್ತರ 8,586 ಮೀಟರ್. ಜಗತ್ತಿನಲ್ಲಿ ಮೂರನೆಯದು.

ಇದು ಒಂಟಿ ಶಿಖರವಲ್ಲ. ಐದು ಶಿಖರಗಳ ದೊಡ್ಡ ಗುಂಪು. ಅವುಗಳಲ್ಲಿ ನಾಲ್ಕು 8,400 ಮೀಟರ್ ದಾಟಿವೆ. ಹಿಮಾಲಯದ ಮುಖ್ಯ ಸಾಲಿಗಿಂತ ಸುಮಾರು 20 ಕಿಲೋಮೀಟರ್ ದಕ್ಷಿಣಕ್ಕೆ ಚಾಚಿಕೊಂಡಿರುವುದರಿಂದ ಬಂಗಾಳ ಕೊಲ್ಲಿಯ ಮುಂಗಾರು ನೇರವಾಗಿ ಇದಕ್ಕೇ ಬಂದು ಬಡಿಯುತ್ತದೆ. ಹಾಗಾಗಿ ಇಲ್ಲಿ ಹಿಮ ಜಾಸ್ತಿ, ಹಿಮಕುಸಿತವೂ ಜಾಸ್ತಿ. ಪೂರ್ವದಲ್ಲಿ ಜೇಮು ಹಿಮನದಿ ಸುಮಾರು 26 ಕಿಲೋಮೀಟರ್ ಉದ್ದ ಮಲಗಿದೆ. ಅದರ ನೀರು ತೀಸ್ತಾ ನದಿ ಸೇರುತ್ತದೆ.

1847ರಲ್ಲಿ ಸರ್ವೆ ಇಲಾಖೆಯ ಆಂಡ್ರ್ಯೂ ವಾ ಡಾರ್ಜಿಲಿಂಗ್ ಕಡೆಯಿಂದ ಇದನ್ನು ಅಳೆದರು. ಆಗ ಜಗತ್ತಿಗೇ ಎತ್ತರದ ಶಿಖರ ಇದೇ ಎಂಬ ನಂಬಿಕೆಯಿತ್ತು. ಅದೇ ಅಳತೆಯಲ್ಲಿ ದೂರದ ಇನ್ನೊಂದು ಶಿಖರವೂ ಕಣ್ಣಿಗೆ ಬಿತ್ತು. ಅದೇ ಮುಂದೆ ಎವರೆಸ್ಟ್ ಆಯಿತು.

1899ರಲ್ಲಿ ಬ್ರಿಟಿಷ್ ಪರ್ವತಾರೋಹಿ ಡಗ್ಲಸ್ ಫ್ರೆಶ್‌ಫೀಲ್ಡ್ ಇಡೀ ಬೆಟ್ಟವನ್ನು ಸುತ್ತು ಹಾಕಿದರು. ಜೊತೆಗಿದ್ದ ವಿಟ್ಟೋರಿಯೊ ಸೆಲ್ಲಾ ತೆಗೆದ ಫೋಟೋಗಳನ್ನು ದಯವಿಟ್ಟು ಹುಡುಕಿ ನೋಡಿ. ಅದೇ ತಂಡದಲ್ಲಿ ರಿಂಜಿನ್ ನಮ್‌ಗ್ಯಾಲ್ ಎಂಬ ಸರ್ವೆಯವರೂ ಇದ್ದರು. ಈ ಸೀಮೆಯ ದಾರಿಗಳನ್ನು ಅವರು 1880ರ ದಶಕದಲ್ಲೇ ಸುತ್ತಿ ಬಂದಿದ್ದರು. ಅವರ ಹೆಸರು ನಮಗೆ ಗೊತ್ತಿಲ್ಲದಿರುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಹತ್ತುವ ಪ್ರಯತ್ನಗಳು ಸುಲಭವಾಗಿರಲಿಲ್ಲ. 1905ರಲ್ಲಿ ನೇಪಾಳದ ಯಾಲುಂಗ್ ಹಿಮನದಿಯ ಕಡೆಯಿಂದ ಹೊರಟ ತಂಡದ ನಾಲ್ವರು ಹಿಮಕ್ಕೆ ಬಲಿಯಾದರು. ಅವರಲ್ಲಿ ಮೂವರು ಹೊರೆ ಹೊತ್ತವರು. 1929 ಮತ್ತು 1931ರಲ್ಲಿ ಪಾಲ್ ಬಾವರ್ ಅವರ ಜರ್ಮನ್ ತಂಡ ಜೇಮು ಕಡೆಯಿಂದ ಹತ್ತಿ, ಎರಡು ಸಲವೂ ವಾಪಸಾಯಿತು.

ಸಿಕ್ಕಿಂನವರಿಗೆ ಇದು ಊರು ಕಾಯುವ ದೇವರು. ಪಾಂಗ್ ಲಾಬ್ಸೋಲ್ ಹಬ್ಬದಲ್ಲಿ ಇವತ್ತಿಗೂ ಪೂಜೆ ನಡೆಯುತ್ತದೆ. ಹಾಗಾಗಿ 1955ರ ಬ್ರಿಟಿಷ್ ತಂಡದ ನಾಯಕ ಚಾರ್ಲ್ಸ್ ಇವಾನ್ಸ್, ತುತ್ತತುದಿಗೆ ಕಾಲಿಡುವುದಿಲ್ಲ ಎಂದು ಮೊದಲೇ ಮಾತು ಕೊಟ್ಟಿದ್ದರು.

ಮೇ 25ರ ಮಧ್ಯಾಹ್ನ. ಜೋ ಬ್ರೌನ್ ಮತ್ತು ಜಾರ್ಜ್ ಬ್ಯಾಂಡ್ ಮುಂದೆ ಕಡಿದಾದ ಬಂಡೆಗೋಡೆ. ಅದರಲ್ಲೊಂದು ಬಿರುಕು. ಬ್ರೌನ್ ಆಮ್ಲಜನಕ ಜಾಸ್ತಿ ಮಾಡಿಕೊಂಡು, ಬಿರುಕಿಗೆ ಕೈ ತುರುಕಿ ಬಿಗಿ ಹಿಡಿದು, ಒಂದೊಂದೇ ಹೆಜ್ಜೆ ಏರಿದ. ಎಂಟೂವರೆ ಸಾವಿರ ಮೀಟರ್ ಎತ್ತರದಲ್ಲಿ, ಉಸಿರಾಡುವುದೇ ಕಷ್ಟವಾದ ಜಾಗದಲ್ಲಿ! ಮೇಲೆ ಹೋಗಿ ನೋಡಿದರೆ, ಕೆಲವೇ ಹೆಜ್ಜೆ ಆಚೆ ಹಿಮದ ತುದಿ. ತಾವು ನಿಂತಲ್ಲಿಂದ ಹೆಚ್ಚೆಂದರೆ ಆಳೆತ್ತರ ಮೇಲಿತ್ತು. ಇಬ್ಬರೂ ಅಲ್ಲೇ ನಿಂತು, ತಿರುಗಿ ಇಳಿದರು. ಮರುದಿನ ಹತ್ತಿದ ನಾರ್ಮನ್ ಹಾರ್ಡಿ, ಟೋನಿ ಸ್ಟ್ರೀದರ್ ಕೂಡ ಹಾಗೇ ಮಾಡಿದರು. ಕಾಯುವವರು, ನೋಡುವವರು ಯಾರೂ ಅಲ್ಲಿರಲಿಲ್ಲ ಎಂಬುದನ್ನು ನೆನಪಿಡಿ.

ಜರ್ಮನ್ನರನ್ನು ಎರಡು ಸಲ ಹಿಂದಕ್ಕೆ ಕಳಿಸಿದ್ದ ಈಶಾನ್ಯದ ಚೂಪಾದ ಬೆಟ್ಟಸಾಲನ್ನು ಕೊನೆಗೂ ಹತ್ತಿದ್ದು ನಮ್ಮ ಸೇನೆ. 1977ರಲ್ಲಿ, ಕರ್ನಲ್ ನರೇಂದ್ರ ಕುಮಾರ್ ನೇತೃತ್ವದಲ್ಲಿ. ಮೇ 31ರಂದು ಮೇಜರ್ ಪ್ರೇಮ್ ಚಂದ್ ಮತ್ತು ನಾಯಕ್ ನೀಮಾ ದೋರ್ಜೆ ಮೇಲೆ ತಲುಪಿದರು. ಅವರೂ ತುದಿಯನ್ನು ತುಳಿಯಲಿಲ್ಲ.

ಈಗ ಸಿಕ್ಕಿಂ ಸರ್ಕಾರ ತನ್ನ ಕಡೆಯಿಂದ ಶಿಖರ ಹತ್ತುವುದನ್ನೇ ನಿಷೇಧಿಸಿದೆ. ಹತ್ತುವವರು ನೇಪಾಳದ ಕಡೆಯಿಂದ ಹೋಗುತ್ತಾರೆ. ನಮ್ಮ ಕಡೆಯ ಕಾಂಚನಜುಂಗಾ ರಾಷ್ಟ್ರೀಯ ಉದ್ಯಾನ 2016ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅಲ್ಲಿನ ಕಾಡು, ಪ್ರಾಣಿಗಳ ಜೊತೆಗೆ ಜನರ ಈ ನಂಬಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ಆ ಮಾನ್ಯತೆ ಕೊಟ್ಟಿದ್ದಾರೆ.