45 ಪರ್ಸೆಂಟ್ ಕಾರ್ಬನ್ ಕಡಿತ! ಸರಿ, ಯಾವ ವರ್ಷದಿಂದ?

ನಮಸ್ಕಾರ. ಮೊದಲು ಈ ಮೂರು ನಂಬರ್ ನೋಡಿ.

[ಪರದೆ: ಯುರೋಪಿಯನ್ ಒಕ್ಕೂಟ 55%, ಜಪಾನ್ 46%, ಭಾರತ 45%]

2030ರ ಹೊತ್ತಿಗೆ ಇಷ್ಟಿಷ್ಟು ಇಳಿಸುತ್ತೇವೆ ಅಂತ ಇವರು ಜಗತ್ತಿಗೆ ಕೊಟ್ಟಿರುವ ಮಾತು. ನಿಮ್ಮಲ್ಲಿ ತುಂಬಾ ಜನ ಕೇಳಿದ್ದೀರಿ: "ಹಾಗಾದರೆ ಯುರೋಪ್ ಫಸ್ಟ್, ಭಾರತ ಲಾಸ್ಟಾ?"

ಹಾಗೆ ಹೇಳೋಕೆ ಬರೋದಿಲ್ಲ. ಮೂರೂ ನಂಬರ್ ಎಣಿಸಿರುವ ರೀತಿಯೇ ಬೇರೆ ಬೇರೆ.

ಪೀಠಿಕೆ ಬೇಗ ಮುಗಿಸಿಬಿಡೋಣ. 2015ರ ಪ್ಯಾರಿಸ್ ಒಪ್ಪಂದದ ಪ್ರಕಾರ ಪ್ರತಿ ದೇಶವೂ ತನ್ನ ಗುರಿಯನ್ನು ತಾನೇ ಬರೆದು ಕೊಡಬೇಕು. ಐದು ವರ್ಷಕ್ಕೊಮ್ಮೆ ಹೊಸದು ಕೊಡಬೇಕು. ತಪ್ಪಿದರೆ ದಂಡ ಇಲ್ಲ. ಪ್ರಶ್ನೆಪತ್ರಿಕೆ ಬರೆಯುವವರೂ ಅವರೇ, ಪರೀಕ್ಷೆಗೆ ಕೂರುವವರೂ ಅವರೇ. ಹಾಗಿದ್ದ ಮೇಲೆ ಸುಲಭದ ಪ್ರಶ್ನೆ ಹಾಕಿಕೊಳ್ಳುವ ಆಸೆ ಯಾರಿಗಿರೋದಿಲ್ಲ ಹೇಳಿ?

ಆ ಸುಲಭದ ಪ್ರಶ್ನೆಯ ಹೆಸರು ಬೇಸ್ ಇಯರ್. ಅಂದರೆ ಯಾವ ವರ್ಷಕ್ಕೆ ಹೋಲಿಸಿ ಕಡಿತ ಅನ್ನುವುದು. ಯುರೋಪ್ ಎಣಿಸುವುದು 1990ರಿಂದ. ಜಪಾನ್ 2013ರಿಂದ. 2013ರಲ್ಲಿ ಏನಿತ್ತು? 2011ರ ಫುಕುಶಿಮಾ ದುರಂತದ ನಂತರ ಅಲ್ಲಿ ಅಣು ರಿಯಾಕ್ಟರ್‌ಗಳು ಒಂದೊಂದಾಗಿ ನಿಂತವು. ಆ ಜಾಗಕ್ಕೆ ಕಲ್ಲಿದ್ದಲು, ಗ್ಯಾಸ್ ಬಂತು. ಹೊರಸೂಸುವಿಕೆ ಏರಿ ಏರಿ 2013ರಲ್ಲಿ ತುದಿ ಮುಟ್ಟಿತು. ಆ ತುದಿಯಿಂದಲೇ ಜಪಾನ್ ಎಣಿಕೆ ಶುರು.

ರಷ್ಯಾದ್ದು ಇನ್ನೂ ಚೆನ್ನಾಗಿದೆ. 2020ರಲ್ಲಿ ಅದು ಹೇಳಿದ್ದು, 2030ಕ್ಕೆ 1990ರ ಮಟ್ಟದ 70 ಪರ್ಸೆಂಟ್‌ಗೆ ಇಳಿಸುತ್ತೇವೆ, ಕಾಡು ಹೀರುವ ಕಾರ್ಬನ್ನೂ ಲೆಕ್ಕದಲ್ಲಿ ಸೇರಿ. ಆದರೆ ಸೋವಿಯತ್ ಒಕ್ಕೂಟ ಕುಸಿದು ಕಾರ್ಖಾನೆಗಳು ಮುಚ್ಚಿದಾಗಲೇ ಹೊರಸೂಸುವಿಕೆ ಪಾತಾಳಕ್ಕೆ ಬಿದ್ದಿತ್ತು. ಕಾಡಿನ ಲೆಕ್ಕ ಸೇರಿಸಿದರೆ ಆಗಲೇ 1990ರ ಹೆಚ್ಚುಕಡಿಮೆ ಅರ್ಧಕ್ಕೆ ಬಂದಿತ್ತು. ಅಂದರೆ "ಕಡಿತದ ಗುರಿ" ಇಟ್ಟುಕೊಂಡೇ ಏರಿಸೋಕೆ ಜಾಗ ಇದೆ!

ಈಗ ನನ್ನ ಫೇವರಿಟ್. ಎಡಿಟರ್ ಕತ್ತರಿ ಹಿಡಿದು ಕೂತಿದ್ದಾರೆ, ಆದರೂ ಇದನ್ನು ಪೂರ್ತಿ ಹೇಳಿಯೇ ಹೇಳುತ್ತೇನೆ.

[ಪರದೆ: ಕ್ಯೋಟೋ, ಡಿಸೆಂಬರ್ 1997]

ಕ್ಯೋಟೋ ಒಪ್ಪಂದದಲ್ಲಿ ಶ್ರೀಮಂತ ದೇಶಗಳು ಕಡಿತ ಒಪ್ಪಿಕೊಳ್ಳುತ್ತಿದ್ದ ಹೊತ್ತು. ಆಸ್ಟ್ರೇಲಿಯಾ ಒಪ್ಪಿಕೊಂಡ ಗುರಿ 1990ರ ಮಟ್ಟದ 108 ಪರ್ಸೆಂಟ್. ಹೌದು, ನೂರೆಂಟು. 8 ಪರ್ಸೆಂಟ್ ಏರಿಕೆಗೆ ಅನುಮತಿ. ಸಾಲದು ಅಂತ ಇನ್ನೊಂದು ಸಾಲನ್ನೂ ಸೇರಿಸಿಕೊಂಡಿತು: 1990ರಲ್ಲಿ ಭೂಬಳಕೆಯಿಂದ, ಅಂದರೆ ಕಾಡು ಕಡಿಯುವಂಥ ಕೆಲಸದಿಂದ, ಕಾರ್ಬನ್ ಹೊರಗೆ ಬಿಡುತ್ತಿದ್ದ ದೇಶಗಳು ಅದನ್ನೂ ಬೇಸ್ ಇಯರ್ ಲೆಕ್ಕಕ್ಕೆ ಹಾಕಿಕೊಳ್ಳಬಹುದು. ಈ ಸಾಲಿಗೆ "ಆಸ್ಟ್ರೇಲಿಯಾ ಕ್ಲಾಝ್", ಅಂದರೆ ಆಸ್ಟ್ರೇಲಿಯಾ ಷರತ್ತು ಅಂತಲೇ ಹೆಸರು ಬಿತ್ತು.

ಏನಾಯಿತು ನೋಡಿ. 1990ರಲ್ಲಿ ಅಲ್ಲಿ ಕಾಡು ಕಡಿಯುವುದು ಜೋರಾಗಿತ್ತು, ಆಮೇಲೆ ಇಳಿಯಿತು. ಹೊಟ್ಟೆ ಬಿರಿಯೆ ತಿಂದು, ಎರಡು ಕೋಟು ಹಾಕಿ, ಜೇಬಿಗೆ ಕಲ್ಲು ತುಂಬಿಕೊಂಡು ತೂಕದ ಯಂತ್ರ ಹತ್ತಿ, "ಇಲ್ಲಿಂದ ಶುರು, ಇದಕ್ಕಿಂತ 8 ಪರ್ಸೆಂಟ್ ಜಾಸ್ತಿ ಆಗೋಕೆ ಬಿಡಲ್ಲ" ಅಂದ ಹಾಗೆ. ಕಲ್ಲು ತೆಗೆದು ಕೆಳಗಿಟ್ಟರೆ ಸಾಕು, ಡಯಟ್ ಯಶಸ್ವಿ! ಕಲ್ಲಿದ್ದಲು, ಪೆಟ್ರೋಲ್ ಉರಿಸುವುದು ಏರುತ್ತಲೇ ಇತ್ತು, ಗುರಿಯೂ ಮುಟ್ಟಿತು. ಮುಟ್ಟಿ ಮಿಕ್ಕಿದ ಕ್ರೆಡಿಟ್ ಅನ್ನು, ಅಂದರೆ ಅನುಮತಿ ಇದ್ದೂ ಬಿಡದೆ ಉಳಿದ ಕಾರ್ಬನ್ ಲೆಕ್ಕವನ್ನು, ಪ್ಯಾರಿಸ್ ಗುರಿಗೂ ಬಳಸಿಕೊಳ್ಳುವ ಮಾತು ವರ್ಷಗಟ್ಟಲೆ ನಡೆಯಿತು. ಎಲ್ಲರೂ ಛೀ ಅಂದ ಮೇಲೆ, 2020ರ ಕೊನೆಯಲ್ಲಿ "ಬಳಸಲ್ಲ ಬಿಡಿ" ಅಂದರು.

ಇಲ್ಲಿ ನಿಯಮ ಮುರಿದವರು ಯಾರೂ ಇಲ್ಲ. ನಿಯಮ ಇದ್ದದ್ದೇ ಹಾಗೆ. ನನಗೆ ಸಿಟ್ಟು ಬರುವುದು ಅದಕ್ಕೇ.

ಸರಿ, ಭಾರತ. 45 ಪರ್ಸೆಂಟ್ ಅನ್ನುವುದು ಒಟ್ಟು ಹೊರಸೂಸುವಿಕೆಯ ಕಡಿತ ಅಲ್ಲವೇ ಅಲ್ಲ. ಜಿಡಿಪಿಯ ಒಂದೊಂದು ರೂಪಾಯಿಗೆ ಎಷ್ಟು ಕಾರ್ಬನ್ ಅನ್ನುವ ಲೆಕ್ಕ, 2005ಕ್ಕೆ ಹೋಲಿಸಿ. ಆರ್ಥಿಕತೆ ಬೆಳೆದರೆ ಒಟ್ಟು ಹೊರಸೂಸುವಿಕೆ ಏರಬಹುದು, ಏರುತ್ತಲೂ ಇದೆ. ತಲಾ ಲೆಕ್ಕದಲ್ಲಿ ಭಾರತದ್ದು ಜಗತ್ತಿನ ಸರಾಸರಿಗಿಂತ ತುಂಬಾ ಕಡಿಮೆ, ಹಾಗಾಗಿ ಈ ಗುರಿ ಅನ್ಯಾಯದ್ದೇನಲ್ಲ. ಆದರೆ ಅದನ್ನು ಸುಮ್ನೆ "ಕಡಿತ" ಅಂತ ಹೆಡ್‌ಲೈನ್ ಹಾಕುವುದು ತಪ್ಪು. ಹಾಗೇ ಇನ್ನೊಂದು: ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧದಷ್ಟು ಕಲ್ಲಿದ್ದಲು, ಗ್ಯಾಸ್ ಬಿಟ್ಟು ಬೇರೆ ಮೂಲದಿಂದ ಅನ್ನುವ ಗುರಿ 2030ಕ್ಕಿತ್ತು, 2025ರಲ್ಲೇ ಮುಟ್ಟಿದೆ. ಭೇಷ್. ಆದರೆ ಅದು ಸಾಮರ್ಥ್ಯ. ರಾತ್ರಿ ಸೋಲಾರ್ ಮಲಗಿರುತ್ತದೆ ಅಲ್ವಾ? ನಿಜಕ್ಕೂ ತಯಾರಾಗುವ ಕರೆಂಟಿನಲ್ಲಿ ಹತ್ತರಲ್ಲಿ ಏಳು ಪಾಲು ಈಗಲೂ ಕಲ್ಲಿದ್ದಲಿನದೇ.

ಹಾಗಾದರೆ ಒಳ್ಳೆಯ ಗುರಿ ಹೇಗಿರಬೇಕು? ನನ್ನ ಓಟು ಬ್ರಿಟನ್ ಮಾದರಿಗೆ. 2008ರ ಅವರ ಹವಾಮಾನ ಕಾಯ್ದೆಯಲ್ಲಿ 2050ರ ಗುರಿ ಕಾನೂನಾಗಿ ಕೂತಿದೆ. ಮುಖ್ಯ ಅದಲ್ಲ. 2050ಕ್ಕೆ ಮಾತು ಕೊಡುವ ಮಂತ್ರಿ ಆಗ ಕುರ್ಚಿಯಲ್ಲೇ ಇರೋದಿಲ್ಲ! ಅದಕ್ಕೇ ಐದೈದು ವರ್ಷಕ್ಕೆ ಒಂದು ಕಾರ್ಬನ್ ಬಜೆಟ್, ಪರ್ಸೆಂಟ್‌ನಲ್ಲಿ ಅಲ್ಲ, ಟನ್‌ನಲ್ಲಿ. 2033ರಿಂದ 2037ರವರೆಗೆ ಒಟ್ಟು 96.5 ಕೋಟಿ ಟನ್, ಅಷ್ಟೇ. ಅದನ್ನು ಹನ್ನೆರಡು ವರ್ಷ ಮೊದಲೇ ನಿಗದಿ ಮಾಡಬೇಕು. ಸ್ವತಂತ್ರ ಸಮಿತಿ ಪ್ರತಿ ವರ್ಷ ಸಂಸತ್ತಿಗೆ ವರದಿ ಕೊಡುತ್ತದೆ. ಯೋಜನೆ ಸಾಲದು ಅಂತ 2022ರಲ್ಲಿ, ಮತ್ತೆ 2024ರಲ್ಲಿ ಕೋರ್ಟು ಸರ್ಕಾರಕ್ಕೆ ಛೀಮಾರಿ ಹಾಕಿತು. 2012ರಲ್ಲಿ ಅಲ್ಲಿ ಸುಮಾರು 40 ಪರ್ಸೆಂಟ್ ಕರೆಂಟ್ ಕಲ್ಲಿದ್ದಲಿನಿಂದ ಬರುತ್ತಿತ್ತು. 2024ರ ಸೆಪ್ಟೆಂಬರ್ 30ಕ್ಕೆ ಕೊನೆಯ ಸ್ಥಾವರವೂ ಬಂದ್. ಕಾರ್ಖಾನೆಗಳು ಹೊರದೇಶಕ್ಕೆ ಹೋಗಿ, ಅಲ್ಲಿಂದ ಸಾಮಾನು ತರಿಸಿಕೊಳ್ಳುವುದು ಈ ಲೆಕ್ಕದಲ್ಲಿ ಇಲ್ಲ, ಅದು ಬೇರೆ ಜಗಳ.

ಟೈಮ್ ಮುಗಿಯುತ್ತಾ ಬಂತು, ನೆದರ್‌ಲ್ಯಾಂಡ್ಸ್ ಒಂದು ಹೇಳಿಬಿಡುತ್ತೇನೆ. 2020ಕ್ಕೆ ಕನಿಷ್ಠ 25 ಪರ್ಸೆಂಟ್ ಇಳಿಸಲೇಬೇಕು, 1990ಕ್ಕೆ ಹೋಲಿಸಿ, ಅಂತ ಅಲ್ಲಿನ ಸುಪ್ರೀಂ ಕೋರ್ಟು 2019ರ ಡಿಸೆಂಬರ್‌ನಲ್ಲಿ ಸರ್ಕಾರಕ್ಕೆ ಹೇಳಿತು. ಗುರಿ ಮುಟ್ಟಿತು, ಕೂದಲೆಳೆಯಲ್ಲಿ. 2020 ಲಾಕ್‌ಡೌನ್ ವರ್ಷ, ನೆನಪಿದೆ ತಾನೇ? ಮರುವರ್ಷ ಹೊರಸೂಸುವಿಕೆ ಮತ್ತೆ ಏರಿತು.

ವಿದೇಶಕ್ಕೆ ಹಾರುವ ವಿಮಾನದ ಕಾರ್ಬನ್ ಯಾವ ದೇಶದ ಲೆಕ್ಕಕ್ಕೆ? ಅದನ್ನು ಈ ವಿಡಿಯೋಗೆ ತುರುಕೋಕೆ ಆಗಲಿಲ್ಲ, ಮುಂದಿನದರಲ್ಲಿ ನೋಡೋಣ.