ಲಂಡನ್‌ನಲ್ಲಿ ಏರಿದ ಕಾಫಿ ರೇಟು ಸಿದ್ದಾಪುರದ ಮೂರು ಎಕರೆಗೆ ಯಾಕೆ ಬರಲಿಲ್ಲ?

ನಮಸ್ಕಾರ. ನಾನೀಗ ಗೋಣಿಕೊಪ್ಪದಲ್ಲಿದ್ದೇನೆ. ಹಿಂದೆ ಕೇಳಿಸುತ್ತಿರುವುದು ಬಸ್‌ಸ್ಟ್ಯಾಂಡಿನ ಗಲಾಟೆ, ಸ್ವಲ್ಪ ಸಹಿಸಿಕೊಳ್ಳಿ.

ಕೊಡಗಿನ ಸಿದ್ದಾಪುರ ಕಡೆಯ ಕಾಫಿ ಬೆಳೆಗಾರರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಮೂರು ಎಕರೆ ತೋಟ ಅವರದು. "2024ರಲ್ಲಿ ರೊಬಸ್ಟಾಗೆ ದಾಖಲೆ ಬೆಲೆ ಅಂತ ಎಲ್ಲ ಪೇಪರಲ್ಲೂ ಬಂತು. ನಮ್ಮ ಮನೆಗೆ ಮಾತ್ರ ಯಾಕೆ ಬರಲಿಲ್ಲ?" ಒಂದು ವಾರ ಈ ಪ್ರಶ್ನೆ ನನ್ನ ತಲೆ ತಿಂದಿದೆ.

ಮೊದಲ ಪಾಠ ಬೇಗ ಮುಗಿಸುತ್ತೇನೆ. ಕಾಫಿಯಲ್ಲಿ ಮುಖ್ಯವಾಗಿ ಎರಡು ಜಾತಿ. ರೊಬಸ್ಟಾ ದರ ಲಂಡನ್‌ನ ಮಾರುಕಟ್ಟೆಯಲ್ಲಿ ನಿರ್ಧಾರವಾಗುತ್ತದೆ, ಅರೇಬಿಕಾದ್ದು ನ್ಯೂಯಾರ್ಕ್‌ನಲ್ಲಿ. ನಮ್ಮ ದೇಶದ ಕಾಫಿಯಲ್ಲಿ ಹೆಚ್ಚಿನ ಪಾಲು ಹೊರಗೆ ಹೋಗುತ್ತದೆ, ಅದರಲ್ಲೂ ಇಟಲಿಗೆ. ಹಾಗಾಗಿ ಅಲ್ಲಿ ಗಾಳಿ ಬೀಸಿದರೆ ಇಲ್ಲಿ ಎಲೆ ಅಲ್ಲಾಡುತ್ತದೆ. ರೊಬಸ್ಟಾ ಅತಿ ಹೆಚ್ಚು ಬೆಳೆಯುವ ವಿಯೆಟ್ನಾಂನಲ್ಲಿ ಬರ ಬಂತು, ಅಲ್ಲಿನ ಎಷ್ಟೋ ರೈತರು ಅದಕ್ಕೂ ಮೊದಲೇ ಕಾಫಿ ಬಿಟ್ಟು ಡುರಿಯನ್ ಹಣ್ಣಿನ ಕಡೆ ಹೋಗಿದ್ದರು, ಲಂಡನ್ ದರ ಮೇಲೆ ಹೋಯಿತು. ಇಷ್ಟೇ.

ಈಗ ನನಗೆ ತುಂಬಾ ಇಷ್ಟದ ವಿಷಯ. ಔಟ್‌ಟರ್ನ್. ಕೊಡಗಿನವರು ನಗಬೇಡಿ, ಬೆಂಗಳೂರಿನವರೂ ನೋಡುತ್ತಿದ್ದಾರೆ.

ಕಣದಲ್ಲಿ ಒಣಗಿಸಿದ ರೊಬಸ್ಟಾ ಚೆರ್ರಿಯನ್ನು, ಅಂದರೆ ಸಿಪ್ಪೆ ಸಮೇತದ ಕಾಫಿ ಹಣ್ಣನ್ನು, 50 ಕೆಜಿ ಚೀಲದ ಲೆಕ್ಕದಲ್ಲಿ ಮಾರುತ್ತೇವೆ. ಆದರೆ ಬೆಲೆ ಇರುವುದು ಚೀಲಕ್ಕಲ್ಲ. ಸಿಪ್ಪೆ ತೆಗೆದ ಮೇಲೆ ಒಳಗೆ ಎಷ್ಟು ಕೆಜಿ ಬೀಜ ಸಿಗುತ್ತದೆ ಎನ್ನುವುದಕ್ಕೆ. 28 ಕೆಜಿ ಸಿಕ್ಕರೆ 28 ಔಟ್‌ಟರ್ನ್, 26 ಸಿಕ್ಕರೆ 26.

ಹಲಸಿನ ಹಣ್ಣು ಮಾರುತ್ತಿದ್ದೀರಿ ಅಂದುಕೊಳ್ಳಿ. ಕೊಳ್ಳುವವನು ಹಣ್ಣಿಗೆ ದುಡ್ಡು ಕೊಡಲ್ಲ, ಒಳಗಿರುವ ತೊಳೆಗೆ ಕೊಡುತ್ತಾನೆ. ಸರಿ, ನ್ಯಾಯವೇ. ಆದರೆ ಹಣ್ಣು ಹೆಚ್ಚುವವನು ಯಾರು? ಅವನೇ. ಎಣಿಸುವವನು? ಅವನೇ. ಯಾವ ಹಣ್ಣನ್ನು ಸ್ಯಾಂಪಲ್‌ಗೆ ಎತ್ತಿಕೊಳ್ಳಬೇಕು ಅಂತ ಆರಿಸುವವನು? ಅದೂ ಅವನೇ. ನೀವು ಕೈಗೆ ಎಣ್ಣೆ ಹಚ್ಚಿಕೊಂಡು ಪಕ್ಕದಲ್ಲಿ ನಿಂತಿರುತ್ತೀರಿ.

ಲೆಕ್ಕ ನೋಡೋಣ. ಲಂಡನ್‌ನಲ್ಲಿ ಟನ್ನಿಗೆ 4,000 ಡಾಲರ್, ಡಾಲರಿಗೆ 85 ರೂಪಾಯಿ ಅಂತ ಇಟ್ಟುಕೊಂಡರೆ ಕೆಜಿಗೆ 340 ರೂಪಾಯಿ ಆಯಿತು. ಸಾಗಣೆ, ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಹಸನು ಮಾಡುವುದು) ಖರ್ಚು ಸದ್ಯ ಬಿಡಿ. 28 ಔಟ್‌ಟರ್ನ್ ಆದರೆ ಚೀಲಕ್ಕೆ 9,520. 26 ಆದರೆ 8,840. ಒಂದು ಚೀಲಕ್ಕೆ 680 ರೂಪಾಯಿ ವ್ಯತ್ಯಾಸ! ನೂರು ಚೀಲಕ್ಕೆ 68,000. ಲಂಡನ್‌ನಲ್ಲಿ ಬೆಲೆ ಒಂದು ಪೈಸೆ ಅಲ್ಲಾಡಿಲ್ಲ, ಎಲ್ಲ ಆಗಿದ್ದು ಈ ರಸ್ತೆಯ ಒಬ್ಬ ವ್ಯಾಪಾರಿಯ ಮೇಜಿನ ಮೇಲೆ.

ವ್ಯಾಪಾರಿಗಳೆಲ್ಲ ಮೋಸಗಾರರು ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಫೋನ್ ಮಾಡಬೇಡಿ. ಕಾಫಿ ಸರಿಯಾಗಿ ಒಣಗದಿದ್ದರೆ, ಹಸಿ ಕಾಯಿ ಸೇರಿದ್ದರೆ ಔಟ್‌ಟರ್ನ್ ನಿಜವಾಗಿಯೂ ಬೀಳುತ್ತದೆ. ನನ್ನ ತಕರಾರು ಒಂದೇ. ದೊಡ್ಡ ಎಸ್ಟೇಟಿನವರು ತಮ್ಮ ಔಟ್‌ಟರ್ನ್ ಎಷ್ಟು ಅಂತ ಮೊದಲೇ ತಿಳಿದುಕೊಂಡು ಬಂದು ಚೌಕಾಸಿ ಮಾಡುತ್ತಾರೆ. ಮೂರು ಎಕರೆಯವರು ಜೀಪಿಗೆ ಬಾಡಿಗೆ ಕೊಟ್ಟು ಹತ್ತು ಚೀಲ ತಂದಿರುತ್ತಾರೆ, ವಾಪಸ್ ಒಯ್ಯೋಕಾಗುತ್ತಾ? ವ್ಯಾಪಾರಿ ಹೇಳಿದ್ದೇ ರೇಟು.

ಆದರೆ ಸಿದ್ದಾಪುರದ ಪ್ರಶ್ನೆಗೆ ಇದು ಅರ್ಧ ಉತ್ತರ. ಇನ್ನರ್ಧ ಕ್ಯಾಲೆಂಡರಿನಲ್ಲಿದೆ. 2024ರ ಜನವರಿಯಲ್ಲಿ ಲಂಡನ್ ದರ 3,000 ಡಾಲರ್ ಆಸುಪಾಸಿನಲ್ಲಿತ್ತು. ಏಪ್ರಿಲ್‌ನಲ್ಲಿ 4,000 ಆಯಿತು, ಸೆಪ್ಟೆಂಬರ್‌ನಲ್ಲಿ 5,000 ದಾಟಿತು. ರೊಬಸ್ಟಾ ಕೊಯ್ಲು ಯಾವಾಗ? ಜನವರಿಯಿಂದ ಮಾರ್ಚ್. ಕೊಯ್ಯುವವರಿಗೆ ವಾರ ವಾರ ಕೂಲಿ ಕೊಡಬೇಕು. ಅದು ಮುಗಿಯುವ ಮೊದಲೇ ಹೂವಿಗೆ ನೀರು ಹೊಡೆಯಲು ಸ್ಪ್ರಿಂಕ್ಲರ್, ಡೀಸೆಲ್. ಆಮೇಲೆ ಗೊಬ್ಬರ. ದುಡ್ಡು ಎಲ್ಲಿಂದ ಬರಬೇಕು? ಕಣದಲ್ಲಿರುವ ಕಾಫಿಯಿಂದಲೇ. ನಮ್ಮ ಮಾವನೂ ಆ ವರ್ಷ ಫೆಬ್ರವರಿಯಲ್ಲೇ ಕೊಟ್ಟುಬಿಟ್ಟರು. ಸೆಪ್ಟೆಂಬರ್‌ನಲ್ಲಿ ಪೇಪರ್ ಓದಿ ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ.

ಕಾಯುವುದು ಧೈರ್ಯದ ವಿಷಯ ಅಂತ ವಾಟ್ಸಾಪ್ ಗುಂಪುಗಳಲ್ಲಿ ಬರೆಯುತ್ತಾರೆ. ಧೈರ್ಯ ಅಲ್ಲ ಸ್ವಾಮಿ, ಗೋದಾಮು. ಕೊಡಗಿನ ಮಳೆಗಾಲದಲ್ಲಿ ಚೆರ್ರಿ ಕೆಡದಂತೆ ಇಡಬೇಕಾದರೆ ತೇವ ಇಲ್ಲದ ಜಾಗ ಬೇಕು. ಅದಿರಲಿ, ಜೂನ್‌ನಲ್ಲಿ ಮಕ್ಕಳ ಸ್ಕೂಲ್ ಫೀಸಿಗೆ ಬೇರೆ ದುಡ್ಡು ಬೇಕು. ಇದ್ದವರಿಗೆ ಸೆಪ್ಟೆಂಬರ್ ರೇಟು, ಇಲ್ಲದವರಿಗೆ ಫೆಬ್ರವರಿ ರೇಟು. ಒಂದೇ ಊರು, ಒಂದೇ ಬೇಲಿ.

ಹಿಂದೆ ಹೀಗಿರಲಿಲ್ಲ. 1990ರ ದಶಕದ ಶುರುವಿನವರೆಗೂ ಎಲ್ಲರೂ ಸರ್ಕಾರಿ ಕಾಫಿ ಬೋರ್ಡಿನ ಪೂಲ್‌ಗೆ, ಅಂದರೆ ಎಲ್ಲರ ಕಾಫಿ ಒಟ್ಟು ಸೇರಿಸಿ ಮಾರುವ ವ್ಯವಸ್ಥೆಗೆ, ಕೊಡಬೇಕಿತ್ತು. ದುಡ್ಡು ಕಂತು ಕಂತಾಗಿ, ಅಜ್ಜ ಹೇಳುವ ಹಾಗೆ ಮೊಮ್ಮಗ ಹುಟ್ಟಿದ ಮೇಲೆ ಬರುತ್ತಿತ್ತು. 1996ರ ಹೊತ್ತಿಗೆ ಪೂರ್ತಿ ಬಿಟ್ಟರು, ಬೇಕಾದವರಿಗೆ ಮಾರುವ ಸ್ವಾತಂತ್ರ್ಯ ಬಂತು. ಪೂಲ್ ವಾಪಸ್ ಬರಲಿ ಅಂತ ನಾನು ಹೇಳಲ್ಲ, ಆ ಕಾಟ ಯಾರಿಗೂ ಬೇಡ. ಆದರೆ ಯಾವ ತಿಂಗಳು ಮಾರಿದೆ ಅನ್ನುವುದು ಆಗ ಯಾರ ಹಣೆಬರಹವನ್ನೂ ಬರೆಯುತ್ತಿರಲಿಲ್ಲ.

ಟೈಮ್ ಆಗುತ್ತಿದೆ, ಉಳಿದದ್ದು ಒಟ್ಟಿಗೆ ಹೇಳಿಬಿಡುತ್ತೇನೆ. ಗೋದಾಮಿನಲ್ಲಿಟ್ಟ ಕಾಫಿ ಮೇಲೆ ಸಾಲ ತೆಗೆದುಕೊಳ್ಳಬಹುದಲ್ವಾ ಅಂದರೆ, ಹೌದು, ಆದರೆ ಜಮ್ಮಾ ಜಾಗದವರ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಹಿಡುವಳಿ) ಪಹಣಿಯಲ್ಲಿ, ಅಂದರೆ ಆರ್‌ಟಿಸಿಯಲ್ಲಿ, ಎಷ್ಟೋ ಕಡೆ ಇನ್ನೂ ತೀರಿಹೋದ ಪಟ್ಟೆದಾರರ, ಕುಟುಂಬದ ಹಿರಿಯರ ಹೆಸರೇ ಇದೆ, ಸಾಲದ ಅರ್ಜಿಗೆ ಅವರು ಬಂದು ಸಹಿ ಹಾಕಲ್ಲ. ಎಸ್ಟೇಟಿನ ಲೈನ್ ಮನೆಗಳಲ್ಲಿ ಇರುವ ಕಾರ್ಮಿಕರ, ಅಸ್ಸಾಂನಿಂದ ಬಂದು ಕೊಯ್ಯುವವರ ಕೂಲಿ ಈ ದಾಖಲೆ ಬೆಲೆಯ ಜೊತೆ ಅದೇ ವೇಗದಲ್ಲಿ ಏರಿತಾ? ಇದಕ್ಕೇ ಒಂದು ಪೂರ್ತಿ ವಿಡಿಯೋ ಬೇಕು, ಮಾಡುತ್ತೇನೆ. ಇನ್ನು ಕುಡಿಯುವವರು. ಕಾಫಿ ಪುಡಿ ದುಬಾರಿ ಆಯಿತು ಅಂತ ಬೆಳೆಗಾರರನ್ನು ಬೈಯುವ ಮೊದಲು ಪ್ಯಾಕೆಟ್ ತಿರುಗಿಸಿ ನೋಡಿ, ಕಾಫಿ ಚಿಕೋರಿ ಮಿಶ್ರಣದಲ್ಲಿ 49 ಶೇಕಡದವರೆಗೂ ಚಿಕೋರಿ ಹಾಕಲು ಕಾನೂನೇ ಬಿಟ್ಟಿದೆ.

ನನ್ನ ಬೇಡಿಕೆ ಸಣ್ಣದು. ಪ್ರತಿ ಊರಿನ ಸಹಕಾರ ಸಂಘದಲ್ಲಿ ಸ್ಯಾಂಪಲ್ ಸಿಪ್ಪೆ ಬಿಡಿಸುವ ಒಂದು ಪುಟ್ಟ ಮೆಷಿನ್, ಒಂದು ತೇವಾಂಶ ಮೀಟರ್ ಇಡಿ. ಹಲಸನ್ನು ಮನೆಯಲ್ಲೇ ಹೆಚ್ಚಿ ನೋಡಿಕೊಂಡು ಸಂತೆಗೆ ಬರುತ್ತೇವೆ.

ಈ ಸಲ ನಿಮಗೆ ಎಷ್ಟು ಔಟ್‌ಟರ್ನ್ ಹಾಕಿದರು? ಊರಿನ ಹೆಸರು, ಮಾರಿದ ತಿಂಗಳು ಸಮೇತ ಕೆಳಗೆ ಬರೆಯಿರಿ. ವ್ಯಾಪಾರಿಗಳು ನೋಡುತ್ತಿದ್ದರೆ ನೀವೂ ಬರೆಯಿರಿ, ಓದುತ್ತೇನೆ.